ಗಾಳಿಯಲ್ಲೂ ಬೀಳು ಹೊಲ ಇದೆ, ತಾಲ್ಲೂಕುವಾರು ಅಳೆಯಿರಿ

ಯಾದಗಿರಿ, ಶಹಾಪುರ, ಸುರಪುರ ಕಡೆಯ ಹಳ್ಳಿಗಳಲ್ಲಿ ನೆಟ್‌ವರ್ಕ್ ಮಾತು ಬಂದರೆ ಎಲ್ಲರ ಬೇಡಿಕೆ ಒಂದೇ: ‘ಇನ್ನೊಂದು ಟವರ್ ಹಾಕಿಸಿ’. ಬೇಡಿಕೆ ತಪ್ಪಲ್ಲ. ಆದರೆ ಅದರ ಜೊತೆಗೇ ಕೇಳಬೇಕಾದ ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುತ್ತಿಲ್ಲ. ಸರ್ಕಾರ ಹಂಚಿರುವ ತರಂಗಾಂತರದಲ್ಲಿ ನಮ್ಮೂರ ಮೇಲೆ ಎಷ್ಟು ನಿಜವಾಗಿ ಬಳಕೆಯಲ್ಲಿದೆ, ಎಷ್ಟು ಖಾಲಿ ಬಿದ್ದಿದೆ? ಇದನ್ನು ಅಳೆದು ತಾಲ್ಲೂಕುವಾರು ಜನರ ಮುಂದೆ ಇಡಬೇಕು ಎಂಬುದೇ ಈ ಬರಹದ ಒತ್ತಾಯ.

ತರಂಗಾಂತರ ಅಂದರೆ ಸ್ಪೆಕ್ಟ್ರಂ. ಅದನ್ನು ಒಂದು ದೊಡ್ಡ ಹೊಲ ಅಂದುಕೊಳ್ಳಿ. ಆ ಹೊಲವನ್ನು ಪಟ್ಟಿ ಪಟ್ಟಿಯಾಗಿ ಹಂಚಲಾಗಿದೆ. ಎಫ್‌ಎಂ ರೇಡಿಯೊಗೆ ಒಂದು ಪಟ್ಟಿ, ಟಿವಿಗೆ ಒಂದು, ಪೊಲೀಸ್ ವೈರ್‌ಲೆಸ್‌ಗೆ ಒಂದು, ಮೊಬೈಲ್ ಕಂಪನಿಗಳಿಗೆ ಕೆಲವು. ಒಬ್ಬರ ಪಟ್ಟಿಯಲ್ಲಿ ಇನ್ನೊಬ್ಬರು ಕಾಲಿಡುವಂತಿಲ್ಲ. ಈ ಹೊಲ ಯಾವ ಕಂಪನಿಯ ಆಸ್ತಿಯೂ ಅಲ್ಲ. ಆಕಾಶದ ಅಲೆಗಳು ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ.

ಹಂಚುವ ರೀತಿ ನೋಡಿ. ಮೊಬೈಲ್ ತರಂಗಾಂತರದ ಹರಾಜಿಗೆ ದೇಶವನ್ನು 22 ವಲಯಗಳಾಗಿ ಮಾಡಿದ್ದಾರೆ. ಇಡೀ ಕರ್ನಾಟಕ ಒಂದೇ ವಲಯ. 2022ರ ಹರಾಜಿನಲ್ಲಿ ಸರ್ಕಾರಕ್ಕೆ ಸುಮಾರು 1.5 ಲಕ್ಷ ಕೋಟಿ ರೂಪಾಯಿಯ ಬಿಡ್ ಬಂತು. ಕರ್ನಾಟಕ ವಲಯದಲ್ಲಿ ಒಂದು ಪಟ್ಟಿ ಕೊಂಡ ಕಂಪನಿಗೆ ಬೆಂಗಳೂರಿನ ಎಂ.ಜಿ. ರಸ್ತೆಯಿಂದ ಸುರಪುರ ತಾಲ್ಲೂಕಿನ ಕೊನೆಯ ತಾಂಡಾದವರೆಗೂ ಅದರ ಹಕ್ಕು ಸಿಗುತ್ತದೆ. ಅದು ಮೊದಲು ಬಳಸುವುದು ಗಿರಾಕಿ ಹೆಚ್ಚಿರುವ ಕಡೆ. ವ್ಯಾಪಾರ ಅಂದರೆ ಹಾಗೇ. ಆದರೆ ಅದು ಬಳಸದೆ ಬಿಟ್ಟ ಕಡೆ ಬೇರೆಯವರಿಗೂ ಬಳಸುವ ಅವಕಾಶ ಇಲ್ಲದಿದ್ದರೆ ಹೊಲ ಬೀಳು ಬೀಳುತ್ತದೆ.

ನಾರಾಯಣಪುರ ಎಡದಂಡೆ ಕಾಲುವೆಯ ರೈತರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಜಲಾಶಯದಲ್ಲಿ ಎಷ್ಟು ಟಿಎಂಸಿ ಇದೆ ಎಂಬ ಲೆಕ್ಕ ಕೊನೆ ಭಾಗದ ಹೊಲಕ್ಕೆ ನೀರು ಮುಟ್ಟಿತೇ ಎಂಬುದನ್ನು ಹೇಳುವುದಿಲ್ಲ. ಹರಿಯುವ ನೀರನ್ನು ಅಲ್ಲಲ್ಲೇ ಅಳೆದರೆ ಮಾತ್ರ ಕೊನೆಯ ರೈತ ಪ್ರಶ್ನೆ ಕೇಳಬಹುದು. ತರಂಗಾಂತರದ್ದೂ ಇದೇ ಕಥೆ.

‘ಫೋನಿನಲ್ಲಿ ನಾಲ್ಕು ಕಡ್ಡಿ ಕಾಣುತ್ತದಲ್ಲ, ಅದೇ ಅಳತೆ ಅಲ್ಲವೇ?’ ಎಂದು ನೀವು ಕೇಳಬಹುದು. ಅಲ್ಲ. ಕಡ್ಡಿ ಹೇಳುವುದು ನಿಮ್ಮ ಟವರಿನ ಸಿಗ್ನಲ್ ಎಷ್ಟು ಜೋರಾಗಿ ಬರುತ್ತಿದೆ ಎಂಬುದನ್ನು ಮಾತ್ರ. ಅಕ್ಕಪಕ್ಕದ ಪಟ್ಟಿಗಳು ಖಾಲಿಯೋ ಭರ್ತಿಯೋ ಎಂದು ಅದು ಹೇಳುವುದಿಲ್ಲ. 2024ರ ಟ್ರಾಯ್ ನಿಯಮದಂತೆ ಕಂಪನಿಗಳು ತಮ್ಮ ವೆಬ್‌ಸೈಟಿನಲ್ಲಿ ಹಾಕಬೇಕಾದ ಕವರೇಜ್ ನಕ್ಷೆಗಳೂ ಸಿಗ್ನಲ್ ಎಲ್ಲಿದೆ ಎಂದಷ್ಟೇ ತೋರಿಸುತ್ತವೆ.

ಬಳಕೆ ಅಳೆಯಲು ಬೇರೆ ಉಪಕರಣ ಬೇಕು. ಅದರ ಹೆಸರು ಸ್ಪೆಕ್ಟ್ರಂ ಅನಲೈಸರ್. ಒಂದು ಆಂಟೆನಾವನ್ನು ಎತ್ತರದ ಜಾಗದಲ್ಲಿ ನಿಲ್ಲಿಸಿ, ಪಟ್ಟಿಯಿಂದ ಪಟ್ಟಿಗೆ ಹೋಗುತ್ತ, ಅಲ್ಲಿ ಶಕ್ತಿ ಇದೆಯೇ ಇಲ್ಲವೇ ಎಂದು ಅದು ಬರೆದುಕೊಳ್ಳುತ್ತದೆ. ಇದನ್ನು 24 ತಾಸು, ಹಲವು ದಿನ ಮಾಡಬೇಕು. ಹಗಲು ಖಾಲಿ ಇದ್ದ ಪಟ್ಟಿ ರಾತ್ರಿ ಊಟದ ಹೊತ್ತಿಗೆ ತುಂಬಿರಬಹುದು. ಮುಖ್ಯ ಸಂಗತಿ ಏನೆಂದರೆ, ಈ ಅಳತೆಗೆ ಯಾರ ಮಾತನ್ನೂ ಕದ್ದು ಕೇಳಬೇಕಿಲ್ಲ. ಕಾಲುವೆಯ ಗೇಜು ನೀರು ಎಷ್ಟಿದೆ ಎಂದು ಹೇಳುತ್ತದೆ, ಯಾರು ಕುಡಿದರು ಎಂದು ಹೇಳುವುದಿಲ್ಲ. ಇದೂ ಹಾಗೆಯೇ.

ಹೀಗೆ ಅಳೆದವರಿಗೆ ಏನು ಕಂಡಿತು? ಅಮೆರಿಕದ ನ್ಯೂಯಾರ್ಕ್‌ನಲ್ಲಿ 2004ರಲ್ಲಿ 30ರಿಂದ 3,000 ಮೆಗಾಹರ್ಟ್ಸ್‌ವರೆಗೆ ಅಳೆದಾಗ ಸರಾಸರಿ ಬಳಕೆ ಶೇ 13.1 ಇತ್ತು. 2005ರಲ್ಲಿ ಶಿಕಾಗೊದಲ್ಲಿ ಶೇ 17.4. ಅಷ್ಟು ದೊಡ್ಡ ಪಟ್ಟಣಗಳಲ್ಲೇ ಹೀಗೆ. ಕಾಗದದ ಮೇಲೆ ಎಲ್ಲ ಪಟ್ಟಿಗೂ ಮಾಲೀಕರಿದ್ದಾರೆ, ಗಾಳಿಯಲ್ಲಿ ಬಹುಪಾಲು ಖಾಲಿ.

ಈ ಖಾಲಿ ಜಾಗ ಬಳಸಲು ಹುಟ್ಟಿದ್ದೇ ಕಾಗ್ನಿಟಿವ್ ರೇಡಿಯೊ. 1999ರಲ್ಲಿ ಜೋಸೆಫ್ ಮಿಟೋಲಾ ಎಂಬ ಎಂಜಿನಿಯರ್ ಮುಂದಿಟ್ಟ ವಿಚಾರ ಇದು. ಸುತ್ತಮುತ್ತ ಯಾವ ಪಟ್ಟಿ ಖಾಲಿ ಇದೆ ಎಂದು ರೇಡಿಯೊ ತಾನೇ ತಿಳಿದುಕೊಂಡು ಅದರಲ್ಲಿ ಕೆಲಸ ಮಾಡುತ್ತದೆ, ಹಕ್ಕುದಾರರು ಬಂದರೆ ಪಕ್ಕಕ್ಕೆ ಸರಿಯುತ್ತದೆ. ಬೆಳೆ ಇಲ್ಲದ ಹೊಲದಲ್ಲಿ ಕುರಿ ಮೇಯಿಸಿ, ಒಡೆಯ ನೇಗಿಲು ತಂದಾಗ ಎದ್ದು ಹೋಗುವ ಕುರಿಗಾರನ ಹಾಗೆ.

ನಮ್ಮ ದೇಶದಲ್ಲಿ ಇಂಥ ದೊಡ್ಡ ಬೀಳು ಹೊಲ ಇರುವುದು ಟಿವಿ ಪಟ್ಟಿಯಲ್ಲಿ. 470ರಿಂದ 590 ಮೆಗಾಹರ್ಟ್ಸ್ ನಡುವಿನ 120 ಮೆಗಾಹರ್ಟ್ಸ್‌ನಲ್ಲಿ ದೇಶದ ಬಹುತೇಕ ಕಡೆ 100ಕ್ಕಿಂತ ಹೆಚ್ಚು ಖಾಲಿ ಇದೆ ಎಂದು ಐಐಟಿ ಬಾಂಬೆಯ ಸಂಶೋಧಕರು 2014ರಲ್ಲಿ ಲೆಕ್ಕ ಹಾಕಿದರು. ಈ ಪಟ್ಟಿಯ ಅಲೆಗಳು ದೂರ ಹೋಗುತ್ತವೆ, ಗಿಡಮರ ಗೋಡೆಗಳನ್ನೂ ಸುಲಭವಾಗಿ ದಾಟುತ್ತವೆ. ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯ ಹಳ್ಳಿಗಳಿಗೆ ಇದರಲ್ಲೇ ಇಂಟರ್ನೆಟ್ ಮುಟ್ಟಿಸುವ ಪ್ರಯೋಗವನ್ನೂ ಅವರು ಮಾಡಿದರು. ಆಮೇಲೆ 2022ರ ಹೊತ್ತಿಗೆ ದೂರದರ್ಶನ ತನ್ನ ಹಳೆಯ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು ಬಹುಪಾಲು ನಿಲ್ಲಿಸಿತು. ಅದೇ ವರ್ಷದ ಹರಾಜಿನಲ್ಲಿ ಪಕ್ಕದ 600 ಮೆಗಾಹರ್ಟ್ಸ್ ಬ್ಯಾಂಡಿಗೆ ಒಬ್ಬರೂ ಬಿಡ್ ಮಾಡಲಿಲ್ಲ.

ಹೊಸ ಪ್ರಯೋಗ ಅಂದರೆ ನಮ್ಮ ಭಾಗಕ್ಕೆ ಆಗದು ಎಂಬ ಉದಾಸೀನ ಬೇಡ. 1975ರ ಆಗಸ್ಟ್‌ನಿಂದ ಒಂದು ವರ್ಷ ದೇಶದ 2,400 ಹಳ್ಳಿಗಳಿಗೆ ಉಪಗ್ರಹದಿಂದ ನೇರವಾಗಿ ಟಿವಿ ತೋರಿಸಿದ ‘ಸೈಟ್’ ಪ್ರಯೋಗದಲ್ಲಿ ಕರ್ನಾಟಕದಿಂದ ಆರಿಸಿದ್ದು ಗುಲ್ಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳನ್ನೇ. ಆಗ ಯಾದಗಿರಿ, ಶಹಾಪುರ, ಸುರಪುರ ಮೂರೂ ಗುಲ್ಬರ್ಗಾ ಜಿಲ್ಲೆಯಲ್ಲಿದ್ದವು. ಹಿಂದುಳಿದಿದ್ದೇವೆ ಎಂಬ ಕಾರಣಕ್ಕೇ ಅಂದು ನಮ್ಮನ್ನು ಮೊದಲು ಆರಿಸಿದ್ದರು. ಇಂದು ಯಾದಗಿರಿ ಕೇಂದ್ರದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಯಲ್ಲಿದೆ. ಅಳತೆ ಇಲ್ಲಿಂದಲೇ ಶುರುವಾಗಲಿ.

ಐಐಟಿಯ ಲೆಕ್ಕ ಇರುವಾಗ ಮತ್ತೆ ಅಳತೆ ಯಾಕೆ? ಅದು ಟ್ರಾನ್ಸ್‌ಮಿಟರ್‌ಗಳ ಪಟ್ಟಿ ಇಟ್ಟುಕೊಂಡು ಸೂತ್ರದಿಂದ ಮಾಡಿದ ಲೆಕ್ಕ, ಊರೂರಿಗೆ ಹೋಗಿ ಅಳೆದದ್ದಲ್ಲ. ನೆಲ ಬೇರೆ ಬೇರೆ ಇರುತ್ತದೆ. ಸುರಪುರದ ಗುಡ್ಡದ ಹಿಂದೆ ಉಪಕರಣ ಇಟ್ಟರೆ ‘ಖಾಲಿ’ ಎನ್ನಬಹುದು, ಅದೇ ಅಲೆ ಗುಡ್ಡದ ಮೇಲಿನ ಮನೆಗೆ ಚೆನ್ನಾಗಿ ಬರುತ್ತಿರಬಹುದು. ಖಾಲಿ ಎಂದು ನಂಬಿ ಅಲ್ಲಿ ಹೊಸ ರೇಡಿಯೊ ಶುರು ಮಾಡಿದರೆ ಗುಡ್ಡದ ಮೇಲಿನವರಿಗೆ ತೊಂದರೆ. ಇದೇ ಕಾರಣಕ್ಕೆ ಅಮೆರಿಕದಲ್ಲಿ 2008ರಲ್ಲಿ ಟಿವಿ ಪಟ್ಟಿ ಬಳಸುವ ಯಂತ್ರ ತಾನೇ ಗಾಳಿಯನ್ನು ಪರೀಕ್ಷಿಸಬೇಕು ಎಂದು ನಿಯಮ ಮಾಡಿದವರು, 2010ರಲ್ಲಿ ಬದಲಿಸಿ, ಜಾಗವಾರು ದಾಖಲೆ ನೋಡಿ ಬಳಸಿದರೂ ಸಾಕು ಎಂದರು. ಆ ದಾಖಲೆ ಸರಿಯಾಗಿರಬೇಕಾದರೆ ನೆಲದ ಮೇಲಿನ ಅಳತೆಯೂ ಬೇಕು.

ಕಾನೂನು ಕೂಡ ಈಗ ಬಾಗಿಲು ತೆರೆದಿದೆ. 2023ರ ದೂರಸಂಪರ್ಕ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ, ಒಬ್ಬರಿಗೆ ಕೊಟ್ಟ ತರಂಗಾಂತರವನ್ನು ಸರ್ಕಾರ ಎರಡನೆಯವರಿಗೂ ಬಳಸಲು ಕೊಡಬಹುದು. ಸರಿಯಾದ ಕಾರಣವಿಲ್ಲದೆ ನಿಗದಿತ ಅವಧಿ ಬಳಸದೆ ಬಿಟ್ಟರೆ ವಾಪಸ್ ಪಡೆಯಲೂಬಹುದು. ಆದರೆ ಬಳಸಿಲ್ಲ ಎಂದು ತೋರಿಸುವುದು ಹೇಗೆ? ರಾಜ್ಯದ ಲೆಕ್ಕ ತೆಗೆದರೆ ಬೆಂಗಳೂರಿನ ಬಳಕೆಯಲ್ಲಿ ನಮ್ಮ ಖಾಲಿತನ ಮುಚ್ಚಿಹೋಗುತ್ತದೆ. ತಾಲ್ಲೂಕಿನ ಅಂಕಿ ಇಲ್ಲದೆ ಆ ಸೆಕ್ಷನ್ ಹಳ್ಳಿಗೆ ಉಪಯೋಗಕ್ಕೆ ಬರುವುದಿಲ್ಲ.

ಖಾಲಿ ಪಟ್ಟಿ ಸಿಕ್ಕ ಕೂಡಲೇ ನೆಟ್‌ವರ್ಕ್ ಬರುವುದಿಲ್ಲ, ಕಂಬ, ಕರೆಂಟು, ಫೈಬರ್ ಎಲ್ಲ ಬೇಕು ಎಂದು ಕಂಪನಿಯವರು ಹೇಳುತ್ತಾರೆ. ಮಾತು ನಿಜ. ಬಾವಿ ತೋಡಿದ ಮಾತ್ರಕ್ಕೆ ಬೆಳೆ ಬರುವುದಿಲ್ಲ. ಆದರೆ ಪಂಚಾಯಿತಿವರೆಗೆ ಫೈಬರ್ ಬಂದಿರುವ ಕಡೆ, ಅಲ್ಲಿಂದ ತಾಂಡಾ, ದೊಡ್ಡಿಗಳಿಗೆ ಇಂಟರ್ನೆಟ್ ಮುಟ್ಟಿಸಲು ಖಾಲಿ ಟಿವಿ ಪಟ್ಟಿ ಒಳ್ಳೆಯ ದಾರಿ. ಎಲ್ಲಿ ಟವರ್ ಬೇಕು, ಎಲ್ಲಿ ಇರುವ ಟವರಿಗೆ ಇನ್ನೊಂದು ಬ್ಯಾಂಡ್ ಸೇರಿಸಿದರೆ ಸಾಕು ಎಂಬುದೂ ಅಳತೆಯಿಂದ ತಿಳಿಯುತ್ತದೆ.

ಹಾಗಾದರೆ ಏನು ಮಾಡಬೇಕು? ಕೇಂದ್ರದ ದೂರಸಂಪರ್ಕ ಇಲಾಖೆಯಲ್ಲಿ ತರಂಗಗಳ ಮೇಲೆ ಕಣ್ಣಿಡುವ ವೈರ್‌ಲೆಸ್ ಮಾನಿಟರಿಂಗ್ ಸಂಸ್ಥೆ 1952ರಿಂದಲೇ ಇದೆ. ಅದು ಹತ್ತಿರದ ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳಿಗೆ ಅನುಮತಿ, ತರಬೇತಿ ಕೊಟ್ಟು ಜೊತೆಗೆ ಕರೆದುಕೊಳ್ಳಲಿ. ಪ್ರತಿ ತಾಲ್ಲೂಕಿನಲ್ಲಿ ಪಟ್ಟಣ, ಬಯಲು, ಗುಡ್ಡ, ನದಿ ದಂಡೆ ಹೀಗೆ ಕೆಲವು ಜಾಗ ಆರಿಸಿ, ಬಿತ್ತನೆಯ ಕಾಲದಲ್ಲೊಮ್ಮೆ, ಸುಗ್ಗಿಯಲ್ಲೊಮ್ಮೆ ಅಳೆಯಲಿ. ಪೊಲೀಸ್, ಸೇನೆಯ ಪಟ್ಟಿಗಳನ್ನು ಬಿಟ್ಟು ಉಳಿದ ಅಂಕಿಗಳನ್ನು ಕನ್ನಡದಲ್ಲಿ ಪ್ರಕಟಿಸಲಿ. ನಮ್ಮ ಸಂಸದರು ಈ ಪ್ರಶ್ನೆಯನ್ನು ಲೋಕಸಭೆಯಲ್ಲಿ ಕೇಳಲಿ. ಗ್ರಾಮಸಭೆಯಲ್ಲಿ ಟವರ್ ಬೇಡಿಕೆ ಬರೆಯುವಾಗ ನಾವೂ ಒಂದು ಸಾಲು ಸೇರಿಸೋಣ: ‘ನಮ್ಮ ತಾಲ್ಲೂಕಿನ ತರಂಗಾಂತರ ಬಳಕೆಯ ಅಳತೆ ಕೊಡಿ’.

ಇದು ಎಂಜಿನಿಯರುಗಳ ಚರ್ಚೆ ಎಂದು ಬಿಟ್ಟುಬಿಡುವ ವಿಷಯವಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಕೊಡಲು, ಬ್ಯಾಂಕಿನ ಒಟಿಪಿ ಪಡೆಯಲು, ಬೆಂಗಳೂರು, ಪುಣೆಗೆ ದುಡಿಯಲು ಹೋದ ಮಕ್ಕಳ ಮುಖ ನೋಡಲು ಬೇಕಿರುವುದು ಇದೇ ಅಲೆಗಳು. ನಮ್ಮದೇ ಸ್ವತ್ತಿನಲ್ಲಿ ನಮ್ಮೂರ ಪಾಲು ಎಷ್ಟು ಬಳಕೆಯಾಗುತ್ತಿದೆ ಎಂದು ಕೇಳುವುದು ಯಾರ ಮುಂದೆಯೂ ಕೈಚಾಚಿದಂತಲ್ಲ. ಅದು ಲೆಕ್ಕ ಕೇಳಿದಂತೆ.