ಯುಗಾದಿಗೇ ಪಾತಿ ಸಿದ್ಧವಾಗಲಿ

ಶಿಕಾಗೊ ಸುತ್ತಲಿನ ಕನ್ನಡಿಗರ ಹಿತ್ತಲೆಂದರೆ ಬದನೆ, ಟೊಮೆಟೊ, ಮೆಣಸಿನಕಾಯಿ, ಬೆಂಡೆ, ಹೀರೆ. ಎಲ್ಲವೂ ಬಿಸಿಲು ಬೇಡುವ ಬೆಳೆಗಳು. ನೀರು ಹೆಪ್ಪುಗಟ್ಟುವ ರಾತ್ರಿಗಳ ಭಯ ಮೇ ನಡುಭಾಗದವರೆಗೂ ಇರುವುದರಿಂದ ಅದಕ್ಕೂ ಮೊದಲು ಇವನ್ನು ನೆಲಕ್ಕಿಳಿಸುವಂತಿಲ್ಲ. ಹಾಗಾಗಿ ತೋಟದ ಕೆಲಸವೇ ಮೇ ತಿಂಗಳಲ್ಲಿ ಶುರು ಎಂಬ ಎಣಿಕೆ ನಮ್ಮಲ್ಲಿ ಬೇರೂರಿದೆ. ಆದರೆ ಊರಿನಲ್ಲಿ ಮೂಲಂಗಿ, ಬಟಾಣಿ, ಮೆಂತ್ಯ, ಕೊತ್ತಂಬರಿ, ಸಬ್ಬಸಿಗೆ ಸೊಗಸಾಗಿ ಬರುವುದು ಚಳಿಗಾಲದಲ್ಲಲ್ಲವೇ? ಆ ತಂಪು ಇಲ್ಲಿ ಸಿಗುವುದು ಏಪ್ರಿಲ್, ಮೇ ತಿಂಗಳುಗಳಲ್ಲಿ. ಯುಗಾದಿ 2024ರಲ್ಲಿ ಏಪ್ರಿಲ್ 9ಕ್ಕೆ, 2025ರಲ್ಲಿ ಮಾರ್ಚ್ 30ಕ್ಕೆ ಬಂತು. ಹಬ್ಬದ ಆಸುಪಾಸಿನಲ್ಲೇ ಬಿತ್ತನೆ ಆರಂಭಿಸಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಮಣ್ಣಿನ ಉಷ್ಣತೆ 40-45 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬಟಾಣಿ, ಸ್ಪಿನಾಚ್, ಮೂಲಂಗಿ ಮೊಳೆಯುತ್ತವೆ; ನಿಧಾನವಾಗಿ, ಆದರೂ ಮೊಳೆಯುತ್ತವೆ. ಮೆಂತ್ಯ, ಕೊತ್ತಂಬರಿಗಳನ್ನು ಎರಡು ಮೂರು ವಾರ ತಡೆದು ಹಾಕಿದರೆ ಒಳ್ಳೆಯದು. ಕೊತ್ತಂಬರಿಯ ಒಂದೊಂದು ಕಾಳಿನೊಳಗೆ ಎರಡು ಬೀಜಗಳಿರುವುದರಿಂದ ಅದನ್ನು ಮೆಲ್ಲಗೆ ಒತ್ತಿ ಹೋಳು ಮಾಡಿ ಬಿತ್ತುವ ರೂಢಿ ಇಲ್ಲಿಗೂ ಸಲ್ಲುತ್ತದೆ. ಇವನ್ನೇ ಜೂನ್‌ನಲ್ಲಿ ಬಿತ್ತಿದವರಿಗೆ ಸೊಪ್ಪು ಕೈಗೆ ಬರುವ ಮುನ್ನವೇ ಹೂಕಡ್ಡಿ ಮೇಲೇಳುತ್ತದೆ. ಬೀಜ ಸರಿಯಿಲ್ಲ ಎಂದು ಹಲವರು ಅಂದುಕೊಳ್ಳುತ್ತಾರೆ. ದೋಷ ಬೀಜದ್ದಲ್ಲ, ಸೆಕೆಗೂ ದೀರ್ಘ ಹಗಲಿಗೂ ಆ ಗಿಡಗಳು ಹಾಗೆಯೇ ನಡೆದುಕೊಳ್ಳುತ್ತವೆ.

ಏಪ್ರಿಲ್‌ನಲ್ಲೂ ಹಿಮ ಬೀಳುತ್ತದಲ್ಲ ಎಂಬ ಆಕ್ಷೇಪ ಸಹಜ. ಬಟಾಣಿಯ ಎಳೆ ಸಸಿಯೂ ಸ್ಪಿನಾಚೂ ಸಾಧಾರಣ ಹಿಮವನ್ನು ತಾಳಿಕೊಳ್ಳುತ್ತವೆ. ತೀರ ಕೊರೆಯುವ ರಾತ್ರಿ ಹಗುರ ಬಟ್ಟೆ ಹೊದಿಸಿದರಾಯಿತು. ಹಿಮಕ್ಕಿಂತ ಹೆಚ್ಚು ಅಂಜಬೇಕಾದ್ದು ಕೆಸರಿಗೆ. ಈ ಭಾಗದ್ದು ಬಹುಮಟ್ಟಿಗೆ ಜಿಗುಟು ಮಣ್ಣು. ಹಸಿಯಾಗಿದ್ದಾಗ ಅಗೆದರೆ, ತುಳಿದರೆ ಹೆಂಟೆಗಟ್ಟಿ ಬೇಸಿಗೆಯುದ್ದಕ್ಕೂ ಬೇರಿಗೆ ದಾರಿ ಬಿಡುವುದಿಲ್ಲ. ಒಂದು ಹಿಡಿ ಮಣ್ಣನ್ನು ಅಮುಕಿ ನೋಡಿ: ಬೆರಳು ತಾಕಿಸಿದೊಡನೆ ಪುಡಿಯಾದರೆ ಅಗೆಯಬಹುದು, ಮುದ್ದೆಯಾಗಿಯೇ ಉಳಿದರೆ ಕಾಯಬೇಕು. ಏರುಪಾತಿಗಳಲ್ಲಿ ನೀರು ಬೇಗ ಬಸಿದು ಮಣ್ಣು ಬೇಗ ಬೆಚ್ಚಗಾಗುತ್ತದೆ. ಇನ್ನೊಂದು ಎಚ್ಚರಿಕೆ: ಅಮೆರಿಕದಲ್ಲಿ ಮನೆಬಳಕೆಯ ಸೀಸದ ಬಣ್ಣ ನಿಷೇಧವಾದದ್ದು 1978ರಲ್ಲಿ. ಅದಕ್ಕಿಂತ ಹಳೆಯ ಮನೆಯಾದರೆ ಗೋಡೆಯ ಪಕ್ಕದ ಮಣ್ಣನ್ನು ಪರೀಕ್ಷೆ ಮಾಡಿಸದೆ ಅಲ್ಲಿ ಬೆಳೆದ ಸೊಪ್ಪನ್ನು ಮಕ್ಕಳಿಗೆ ತಿನ್ನಿಸಬಾರದು.

ಇದ್ದ ಜಾಗವನ್ನೆಲ್ಲ ಸೊಪ್ಪಿಗೆ ಕೊಟ್ಟರೆ ಟೊಮೆಟೊಗೆ ಎಲ್ಲಿ ಎಂದು ಕೇಳುವವರಿದ್ದಾರೆ. ಏಪ್ರಿಲ್ ಮೊದಲಲ್ಲಿ ಹಾಕಿದ ಮೂಲಂಗಿ ಮೇ ಕೊನೆಯೊಳಗೆ ಕಿತ್ತು ಮುಗಿಯುತ್ತದೆ. ಮೆಂತ್ಯವನ್ನು ಎಳೆಯದಾಗಿಯೇ ಕೀಳುವುದರಿಂದ ಅದೂ ಅಷ್ಟು ಹೊತ್ತಿಗೆ ಜಾಗ ಬಿಡುತ್ತದೆ. ಅದೇ ಪಾತಿಗೆ ಟೊಮೆಟೊ ಸಸಿ ಇಳಿಯಬಹುದು. ಬಟಾಣಿ ಮಾತ್ರ ಜೂನ್‌ವರೆಗೂ ಹಂದರ ಬಿಡದು. ಅದನ್ನು ಬೇಲಿಯ ಪಕ್ಕಕ್ಕೆ ಹಾಕುವುದು ಲೇಸು. ಸೊಪ್ಪೆಲ್ಲ ಅಂಗಡಿಯಲ್ಲೇ ಸಿಗುತ್ತದೆ ಎನ್ನುವವರು ಬೆಳಿಗ್ಗೆ ಕಿತ್ತ ಸಬ್ಬಸಿಗೆಯನ್ನು ಆಗಲೇ ಅಕ್ಕಿರೊಟ್ಟಿಗೆ ಹಾಕಿ ನೋಡಲಿ.

ಚಳಿಗಾಲದ ಬೆಳೆಯೆಂದರೆ ಅವರೆಯೂ ಬರಬೇಕಲ್ಲ ಎಂಬ ಪ್ರಶ್ನೆಗೆ ಉತ್ತರ ಬೇರೆ. ಅವರೆಗೆ ಬೆಚ್ಚನೆಯ ಮಣ್ಣೂ ಬೇಕು. ಅದರ ನಾಟಿ ತಳಿಗಳು ಹೂ ಬಿಡಲು ಹಗಲು ಕುಗ್ಗಲೂ ಬೇಕು. ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘ ಹಗಲೂ 13 ಗಂಟೆ ಮುಟ್ಟುವುದಿಲ್ಲ. ಶಿಕಾಗೊದ ಜೂನ್ ಹಗಲು 15 ಗಂಟೆ ದಾಟುತ್ತದೆ. ಬಳ್ಳಿ ಸೊಂಪಾಗಿ ಹಬ್ಬಿ, ಕಾಯಿ ಬಲಿಯುವ ಮೊದಲೇ ಹಿಮಕ್ಕೆ ಸಿಕ್ಕಿಬೀಳುವುದು ಇದರಿಂದಲೇ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ರೂಪಿಸಿದ ಹೆಬ್ಬಾಳ ಅವರೆ 3 ಮತ್ತು 4 ತಳಿಗಳಿಗೆ ಈ ಕಟ್ಟುಪಾಡಿಲ್ಲ. ಆದರೆ ಬಿತ್ತನೆ ಬೀಜವನ್ನು ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಪೆಟ್ಟಿಗೆಯಲ್ಲಿಟ್ಟು ತರುವಂತಿಲ್ಲ. ಇಲ್ಲಿಯೇ ಕಾಯಿ ಬಲಿಸಿ ಬೀಜ ಉಳಿಸಿಕೊಂಡವರು ಮುಂದಿನ ಯುಗಾದಿ ಸಮಾರಂಭಕ್ಕೆ ಒಂದೊಂದು ಹಿಡಿ ತಂದು ಹಂಚಲಿ. ಅದಕ್ಕೊಂದು ಮೇಜು ಹಾಕಿಸುವುದು ಇಲ್ಲಿನ ಕನ್ನಡ ಸಂಘದ ಕೆಲಸ.