ವಿಮೆ ಇದೆ, ಆದರೆ ಇದಕ್ಕಿಲ್ಲ

ಬಿ.ಕಾಂ. ಮುಗಿಸಿ ತಿಪಟೂರಿನಿಂದ ಬೆಂಗಳೂರಿಗೆ ಬಂದ ನನಗೆ ಮೊದಲು ಸಿಕ್ಕಿದ್ದು ‘ಎಆರ್ ಕಾಲರ್’ ಕೆಲಸ. ಕೆಲಸ ಹುಡುಕುತ್ತಿರುವ ಹಲವರಿಗೆ ಈ ಹೆಸರು ಗೊತ್ತಿರುತ್ತದೆ. ಫ್ರೆಷರ್‌ಗಳಿಗೆಂದು ಬರುವ ಜಾಹೀರಾತುಗಳಲ್ಲಿ ಕಾಣುತ್ತಲೇ ಇರುತ್ತದೆ. ಇಂಗ್ಲಿಷ್ ಮಾತನಾಡಲು ಬರಬೇಕು, ರಾತ್ರಿ ಪಾಳಿಗೆ ಒಪ್ಪಬೇಕು, ಅಷ್ಟೇ. ಅಮೆರಿಕದ ಆಸ್ಪತ್ರೆ ಕಳಿಸಿದ ಬಿಲ್ಲಿಗೆ ಅಲ್ಲಿನ ವಿಮಾ ಕಂಪನಿ ಯಾಕೆ ಹಣ ಕೊಟ್ಟಿಲ್ಲ ಎಂದು ಇಲ್ಲಿಂದ ಫೋನ್ ಮಾಡಿ ಕೇಳುವುದು ನಮ್ಮ ಕೆಲಸ. ಸಂಜೆ ಆರೂವರೆಗೆ ಕಿವಿಗೆ ಹಾಕಿದ ಹೆಡ್‌ಸೆಟ್ ತೆಗೆಯುವಾಗ ಬೆಳಗಿನ ಜಾವ ಮೂರೂವರೆ. ನಾನು ಅಮೆರಿಕ ನೋಡಿಲ್ಲ, ಪಾಸ್‌ಪೋರ್ಟೂ ಮಾಡಿಸಿಲ್ಲ. ಆದರೆ ಅಲ್ಲಿನವರ ಮಂಡಿನೋವು, ಪಿತ್ತಕೋಶದ ಕಲ್ಲು, ಹೆರಿಗೆ, ಎದೆನೋವು ಎಲ್ಲದರ ಲೆಕ್ಕವೂ ನಾಲ್ಕು ವರ್ಷದಿಂದ ನನ್ನ ಕಣ್ಣ ಮುಂದೆ ಹಾದುಹೋಗುತ್ತಿದೆ.

ಇಷ್ಟು ದಿನದಲ್ಲಿ ನನಗೆ ಮನವರಿಕೆಯಾದ ವಿಷಯ ಒಂದೇ. ಅಮೆರಿಕದಲ್ಲಿ ‘ನನಗೆ ವಿಮೆ ಇದೆ’ ಎಂಬ ಮಾತಿನಿಂದ ಏನೂ ತಿಳಿಯುವುದಿಲ್ಲ. ಯಾವ ಚಿಕಿತ್ಸೆಗಿದೆ, ಯಾವ ಆಸ್ಪತ್ರೆಯಲ್ಲಿದೆ, ಕೈಯಿಂದ ಎಷ್ಟು ಖರ್ಚಾದ ಮೇಲೆ ಇದೆ, ಯಾವ ದಿನಾಂಕದವರೆಗಿದೆ ಎಂದು ಕೇಳಿದ ಮೇಲಷ್ಟೇ ಆ ಮಾತಿಗೆ ಅರ್ಥ. ಅಲ್ಲಿಗೆ ಓದಲು, ದುಡಿಯಲು ಹೊರಡುವ ನಮ್ಮ ಹುಡುಗ ಹುಡುಗಿಯರು ವೀಸಾ, ಕಾಲೇಜು ಫೀಸು, ರೂಮ್ ಬಾಡಿಗೆ ಎಲ್ಲವನ್ನೂ ಅಳೆದು ಸುರಿದು ಲೆಕ್ಕ ಹಾಕುತ್ತಾರೆ. ಇದೊಂದನ್ನು ಮಾತ್ರ ‘ಅಲ್ಲಿ ಎಲ್ಲರಿಗೂ ಇನ್ಶೂರೆನ್ಸ್ ಇರುತ್ತೆ ಬಿಡು’ ಎಂದು ಬಿಟ್ಟುಬಿಡುತ್ತಾರೆ. ಎಲ್ಲರಿಗೂ ಇರುವುದಿಲ್ಲ. 2023ರಲ್ಲಿ ಸುಮಾರು 2.6 ಕೋಟಿ ಜನರಿಗೆ ಯಾವ ವಿಮೆಯೂ ಇರಲಿಲ್ಲ ಎಂದು ಅಲ್ಲಿನ ಜನಗಣತಿ ಇಲಾಖೆಯೇ ಹೇಳಿದೆ. ನಾನು ದಿನವೂ ನೋಡುವುದು ವಿಮೆ ಇಲ್ಲದವರ ಕಷ್ಟವನ್ನಲ್ಲ, ಇದ್ದವರದ್ದನ್ನು.

ಕ್ಲೇಮ್ ತಿರಸ್ಕಾರವಾದರೆ ಅದಕ್ಕೊಂದು ಕೋಡ್ ಬರುತ್ತದೆ. ನಮಗೆ ಅವು ಮಗ್ಗಿಯಷ್ಟು ಬಾಯಿಪಾಠ. ಸಿಒ-197 ಎಂದರೆ ಮುಂಚಿತವಾಗಿ ಅನುಮತಿ ಪಡೆದಿಲ್ಲ. ಸಿಒ-50 ಎಂದರೆ ಈ ಚಿಕಿತ್ಸೆ ವೈದ್ಯಕೀಯವಾಗಿ ಅಗತ್ಯವಿರಲಿಲ್ಲ. ಸಿಒ-29 ಎಂದರೆ ಬಿಲ್ ಕಳಿಸುವ ಗಡುವು ಮೀರಿದೆ. ಸಾಮಾನ್ಯ ಎಂಆರ್‌ಐಗೆ ಅನುಮತಿ ಕೇಳಿ, ಸ್ಕ್ಯಾನಿಂಗ್ ದಿನ ವೈದ್ಯರು ಕಾಂಟ್ರಾಸ್ಟ್ ಇಂಜೆಕ್ಷನ್ ಕೊಟ್ಟು ತೆಗೆಯಿಸಿದರೆ ಕೋಡ್ ಬದಲಾಗುತ್ತದೆ, ಕ್ಲೇಮ್ ಬಿದ್ದುಹೋಗುತ್ತದೆ. ಅದನ್ನು ವಿಚಾರಿಸಲು ಫೋನ್ ಮಾಡಿದರೆ ಯಂತ್ರದ ದನಿ, ಆಮೇಲೆ ಸಂಗೀತ, ನಲವತ್ತು ನಿಮಿಷದ ನಂತರ ಒಬ್ಬ ಮನುಷ್ಯ. ಆ ಮನುಷ್ಯ ಕೂಡ ಬಹಳ ಸಲ ಅಮೆರಿಕದಲ್ಲಿರುವುದಿಲ್ಲ, ಫಿಲಿಪ್ಪೀನ್ಸ್‌ನಲ್ಲಿರುತ್ತಾನೆ. ಎಲ್ಲೋ ಒಬ್ಬರ ಮಂಡಿಯ ಬಗ್ಗೆ ಬೆಂಗಳೂರಿನವಳೊಬ್ಬಳು, ಮನಿಲಾದವನೊಬ್ಬ ನಡುರಾತ್ರಿ ಚೌಕಾಸಿ ಮಾಡುತ್ತಿರುತ್ತೇವೆ. ಮಂಡಿಯ ಯಜಮಾನರಿಗೆ ಇದ್ಯಾವುದೂ ಗೊತ್ತಿರುವುದಿಲ್ಲ.

ನಮ್ಮಂಥವರನ್ನು ಇಟ್ಟುಕೊಂಡಿರುವುದು ಆಸ್ಪತ್ರೆಗಳು. ರೋಗಿಯ ಪರವಾಗಿ ಹೀಗೆ ಕೂತು ಕೇಳುವವರು ಯಾರೂ ಇಲ್ಲ. ಆರೋಗ್ಯ ನೀತಿಯ ಅಧ್ಯಯನ ನಡೆಸುವ ಕೆಎಫ್‌ಎಫ್ ಸಂಸ್ಥೆ 2023ರ ಅಂಕಿಅಂಶ ನೋಡಿದಾಗ, ಸರ್ಕಾರದ ‘ಹೆಲ್ತ್‌ಕೇರ್ ಡಾಟ್ ಗವ್’ ಮೂಲಕ ಪಾಲಿಸಿ ಮಾರುವ ಕಂಪನಿಗಳು ತಮ್ಮದೇ ನೆಟ್‌ವರ್ಕ್‌ನ ಆಸ್ಪತ್ರೆಗಳಿಂದ ಬಂದ ಕ್ಲೇಮ್‌ಗಳಲ್ಲೂ ಶೇ 19ರಷ್ಟನ್ನು ತಿರಸ್ಕರಿಸಿದ್ದವು. ಅದರ ವಿರುದ್ಧ ಮೇಲ್ಮನವಿ ಸಲ್ಲಿಸಿದ ಪ್ರಕರಣಗಳು ಶೇ 1ಕ್ಕಿಂತಲೂ ಕಡಿಮೆ. ನನಗೆ ಇದರಲ್ಲಿ ಆಶ್ಚರ್ಯವಿಲ್ಲ. ದಿನಕ್ಕೆ ಎಂಟು ಗಂಟೆ ಇದೇ ಕೆಲಸ ಮಾಡುವ ನಮಗೇ ಒಂದು ಮೇಲ್ಮನವಿ ಮುಗಿಸಲು ವಾರಗಟ್ಟಲೆ ಬೇಕು. ಆಪರೇಷನ್ ಆಗಿ ಮಲಗಿದವರು ಎಲ್ಲಿಂದ ಮಾಡಿಯಾರು?

2024ರ ಡಿಸೆಂಬರ್ 4ರಂದು ನ್ಯೂಯಾರ್ಕ್‌ನಲ್ಲಿ ಯುನೈಟೆಡ್‌ಹೆಲ್ತ್‌ಕೇರ್ ಕಂಪನಿಯ ಮುಖ್ಯಸ್ಥ ಬ್ರಯಾನ್ ಥಾಂಪ್ಸನ್ ಅವರನ್ನು ಗುಂಡಿಟ್ಟು ಕೊಂದ ಸುದ್ದಿ ನೆನಪಿರಬಹುದು. ಸ್ಥಳದಲ್ಲಿ ಸಿಕ್ಕ ಗುಂಡುಗಳ ಮೇಲೆ ‘ಡಿಲೇ’, ‘ಡಿನೈ’ ಎಂಬ ಪದಗಳಿದ್ದವು. ಕೊಲೆಗೆ ಸಮರ್ಥನೆಯಿಲ್ಲ, ಸತ್ತವರಿಗೂ ಹೆಂಡತಿ ಮಕ್ಕಳಿದ್ದರು. ಆದರೆ ಆ ಎರಡು ಪದಗಳ ಅರ್ಥವೇನೆಂದು ನಮ್ಮ ಫ್ಲೋರಿನಲ್ಲಿ ಯಾರೂ ಯಾರನ್ನೂ ಕೇಳಬೇಕಾಗಲಿಲ್ಲ.

ಇನ್ನು ಬೆಲೆಯ ಮಾತು. ಕಂಪನಿಯ ಮೂಲಕ ಇಡೀ ಕುಟುಂಬಕ್ಕೆ ಸಿಗುವ ವಿಮೆಯ ಪ್ರೀಮಿಯಂ 2024ರಲ್ಲಿ ಸರಾಸರಿ ವರ್ಷಕ್ಕೆ 25,572 ಡಾಲರ್ ಇತ್ತು. ನಮ್ಮ ಲೆಕ್ಕದಲ್ಲಿ ಇಪ್ಪತ್ತು ಲಕ್ಷ ರೂಪಾಯಿಗೂ ಮೇಲೆ. ಇದರಲ್ಲಿ ಸುಮಾರು 6,300 ಡಾಲರ್ ನೌಕರನ ಸಂಬಳದಿಂದ ಹೋಗುತ್ತದೆ, ಉಳಿದದ್ದು ಕಂಪನಿಯ ಪಾಲು. ಇಷ್ಟು ಕಟ್ಟಿದ ಮೇಲೂ ವಿಮೆ ಕೂಡಲೇ ಕೆಲಸ ಮಾಡುವುದಿಲ್ಲ. ಮೊದಲು ‘ಡಿಡಕ್ಟಬಲ್’ ಎಂಬ ಮೊತ್ತವನ್ನು ಕೈಯಿಂದ ಖರ್ಚು ಮಾಡಬೇಕು; ಒಬ್ಬ ನೌಕರನಿಗೆ ಸರಾಸರಿ 1,787 ಡಾಲರ್. ಅದಾದ ಮೇಲೆ ಬಿಲ್ಲಿನಲ್ಲಿ ಇಂತಿಷ್ಟು ಪಾಲು. ವರ್ಷಕ್ಕೆ ಕೈಯಿಂದ ಹಾಕಬೇಕಾದ ಹಣಕ್ಕೆ ಕಾನೂನು ಒಂದು ಮಿತಿ ಹಾಕಿದೆ ನಿಜ, ಆದರೆ 2025ರಲ್ಲಿ ಆ ಮಿತಿಯೇ ಒಬ್ಬರಿಗೆ 9,200 ಡಾಲರ್. ಹೊಸ ವರ್ಷ ಬಂತೆಂದರೆ ಬಹುತೇಕ ಪಾಲಿಸಿಗಳ ಮೀಟರ್ ಮತ್ತೆ ಸೊನ್ನೆಗೆ ಇಳಿಯುತ್ತದೆ. ಹಾಗಾಗಿ ಜನವರಿ, ಫೆಬ್ರುವರಿಯಲ್ಲಿ ನಮ್ಮ ಸ್ಕ್ರೀನ್ ತುಂಬ ಪಿಆರ್-1 ಕೋಡ್: ಡಿಡಕ್ಟಬಲ್ ಮುಗಿದಿಲ್ಲ, ರೋಗಿಯೇ ಕೊಡಬೇಕು.

ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಕ್ರೂರವಾದದ್ದು ಸಿಒ-27. ‘ವಿಮೆ ಕೊನೆಗೊಂಡ ನಂತರ ಪಡೆದ ಚಿಕಿತ್ಸೆ’ ಎಂದು ಅದರ ಅರ್ಥ. ತಿಂಗಳ ಕೊನೆಗೆ ಕೆಲಸ ಹೋಗಿರುತ್ತದೆ, ಮುಂದಿನ ತಿಂಗಳ ಮೂರನೇ ತಾರೀಖು ಮೊದಲೇ ನಿಗದಿಯಾಗಿದ್ದ ಆಪರೇಷನ್ ನಡೆದಿರುತ್ತದೆ. ಪರ್ಸಿನಲ್ಲಿ ಕಾರ್ಡ್ ಹಾಗೇ ಇರುತ್ತದೆ. ಕಾರ್ಡಿನ ಮೇಲೆ ಕೊನೆಯ ದಿನಾಂಕ ಬರೆದಿರುವುದು ಅಪರೂಪ.

ವಿಮೆಯನ್ನು ಕೆಲಸದ ಬಾಲಕ್ಕೆ ಕಟ್ಟಿದ್ದು ಯಾರೋ ಕೂತು ಯೋಚಿಸಿ ಮಾಡಿದ ವ್ಯವಸ್ಥೆಯೇನಲ್ಲ. ಎರಡನೇ ಮಹಾಯುದ್ಧದ ನಡುವೆ, 1942ರಲ್ಲಿ, ಬೆಲೆಯೇರಿಕೆ ತಡೆಯಲು ಅಮೆರಿಕ ಸಂಬಳಕ್ಕೆ ಮಿತಿ ಹೇರಿತು. ಜನ ಸಿಗದೆ ಪರದಾಡುತ್ತಿದ್ದ ಕಂಪನಿಗಳು ಸಂಬಳದ ಬದಲು ಆರೋಗ್ಯ ವಿಮೆಯ ಆಸೆ ತೋರಿಸಿ ಕೆಲಸಗಾರರನ್ನು ಸೆಳೆದವು. ಕಂಪನಿ ಕಟ್ಟುವ ಪ್ರೀಮಿಯಂಗೆ ತೆರಿಗೆಯಿಲ್ಲ ಎಂದು 1954ರ ಕಾನೂನು ಖಚಿತಪಡಿಸಿದ ಮೇಲೆ ಅದು ಗಟ್ಟಿಯಾಗಿ ಬೇರೂರಿತು. ಇದರ ನಡುವೆ 1945ರಲ್ಲಿ ಅಧ್ಯಕ್ಷ ಟ್ರೂಮನ್ ರಾಷ್ಟ್ರೀಯ ಆರೋಗ್ಯ ವಿಮೆಯ ಪ್ರಸ್ತಾವ ಇಟ್ಟಿದ್ದರು. ವೈದ್ಯರ ಸಂಘವೇ ಮುಂದೆ ನಿಂತು ವಿರೋಧಿಸಿತು, ಪ್ರಸ್ತಾವ ಬಿದ್ದಿತು. 1965ರಲ್ಲಿ 65 ದಾಟಿದವರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್ ಬಂದವು. ಮೆಡಿಕೇರ್‌ನ ಮೊದಲ ಕಾರ್ಡನ್ನು ಕೊಟ್ಟಿದ್ದು ಅದೇ ಟ್ರೂಮನ್ ಅವರಿಗೆ. ನಡುವಯಸ್ಸಿನ ದುಡಿಯುವ ಜನ ಮಾತ್ರ ಇವತ್ತಿಗೂ ಮಾಲೀಕನ ಕೃಪೆಯಲ್ಲೇ ಇದ್ದಾರೆ. ಯುದ್ಧ ಮುಗಿದು 80 ವರ್ಷವಾಯಿತು.

ಈ ಗಂಟಿನ ಬಿಸಿ ನಮ್ಮವರಿಗೂ ತಟ್ಟುತ್ತದೆ. ನಮ್ಮ ಬೀದಿಯ ಹುಡುಗನೊಬ್ಬ ಡಲ್ಲಾಸ್ ಕಡೆ ಎಚ್-1ಬಿ ವೀಸಾದಲ್ಲಿದ್ದ. ಲೇಆಫ್ ಆದಾಗ ಹೆಂಡತಿಗೆ ಐದು ತಿಂಗಳು. ವೀಸಾ ನಿಯಮದ ಪ್ರಕಾರ ಹೊಸ ಕೆಲಸ ಹುಡುಕಲು ಹೆಚ್ಚೆಂದರೆ 60 ದಿನ. ಹಳೆಯ ವಿಮೆಯನ್ನೇ ಮುಂದುವರಿಸಲು ‘ಕೋಬ್ರಾ’ ಎಂಬ ಕಾನೂನಿನಲ್ಲಿ ಅವಕಾಶವಿದೆ, ಸಾಮಾನ್ಯವಾಗಿ 18 ತಿಂಗಳವರೆಗೆ. ಆದರೆ ಅಲ್ಲಿಯವರೆಗೆ ಕಂಪನಿ ಕಟ್ಟುತ್ತಿದ್ದ ಪಾಲನ್ನೂ ಸೇರಿಸಿ, ಮೇಲೆ ಶೇ 2ರವರೆಗೆ ಖರ್ಚು ಹಾಕಿ, ಅಷ್ಟನ್ನೂ ಕೆಲಸ ಕಳೆದುಕೊಂಡವನೇ ಕಟ್ಟಬೇಕು. ಮೇಲಿನ ಸರಾಸರಿ ಹಿಡಿದು ಲೆಕ್ಕ ಹಾಕಿದರೆ ತಿಂಗಳಿಗೆ 2,170 ಡಾಲರ್ ಆಗುತ್ತದೆ, ಅದೂ ಸಂಬಳವೇ ಇಲ್ಲದ ತಿಂಗಳಲ್ಲಿ. ಸರ್ಕಾರಿ ಮಾರುಕಟ್ಟೆಯಲ್ಲಿ ಬೇರೆ ಪಾಲಿಸಿ ಕೊಳ್ಳಬಹುದಿತ್ತು, ಅದಕ್ಕೂ ಗಡುವು 60 ದಿನ. ಕೊನೆಗೆ ಹೆಂಡತಿಯನ್ನು ತಾಯಿಯ ಮನೆಗೆ ಕಳಿಸಿದ. ಮಗು ಹಾಸನದಲ್ಲಿ ಹುಟ್ಟಿತು. ಊರಿನವರು ‘ಅಮೆರಿಕದಲ್ಲೇ ಹೆರಿಗೆ ಆಗಿದ್ದರೆ ಮಗುವಿಗೆ ಅಲ್ಲಿನ ಪೌರತ್ವ ಸಿಗುತ್ತಿತ್ತಲ್ಲ’ ಎಂದು ಅವನನ್ನೇ ಆಡಿಕೊಂಡರು.

ಸುಧಾರಣೆಯೇ ಆಗಿಲ್ಲ ಎಂದರೆ ತಪ್ಪಾಗುತ್ತದೆ. 2010ರ ಒಬಾಮ ಕಾನೂನಿನಿಂದ, ಮೊದಲೇ ಕಾಯಿಲೆಯಿದ್ದವರಿಗೆ ವಿಮೆ ನಿರಾಕರಿಸುವುದು ನಿಂತಿತು, 26 ವರ್ಷದವರೆಗೆ ಮಕ್ಕಳು ತಂದೆ ತಾಯಿಯ ಪಾಲಿಸಿಯಲ್ಲಿ ಇರಬಹುದಾಯಿತು. ಆದರೆ ಮೆಡಿಕೇಡ್ ವಿಸ್ತರಿಸುವುದು ರಾಜ್ಯಗಳ ಇಷ್ಟ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ತೀರ್ಪು ಕೊಟ್ಟಿತು. ಟೆಕ್ಸಸ್, ಫ್ಲೋರಿಡಾ ಸೇರಿ ಕೆಲವು ರಾಜ್ಯಗಳು ಇನ್ನೂ ವಿಸ್ತರಿಸಿಲ್ಲ. ಅಲ್ಲೊಂದು ವಿಚಿತ್ರವಿದೆ. ಪಾಲಿಸಿ ಕೊಳ್ಳಲು ಕೇಂದ್ರ ಸರ್ಕಾರ ಕೊಡುವ ಸಹಾಯಧನ ಸಾಮಾನ್ಯವಾಗಿ ಬಡತನ ರೇಖೆಯ ಮೇಲಿರುವವರಿಗೆ ಮಾತ್ರ. ಹಾಗಾಗಿ ಟೆಕ್ಸಸ್‌ನಲ್ಲಿ ಮಕ್ಕಳಿಲ್ಲದ, ಅಂಗವೈಕಲ್ಯವಿಲ್ಲದ ಕಡುಬಡವನಿಗೆ ಮೆಡಿಕೇಡ್ ಕೂಡ ಇಲ್ಲ, ಸಹಾಯಧನವೂ ಇಲ್ಲ. ಅವನಿಗಿಂತ ಸ್ವಲ್ಪ ಹೆಚ್ಚು ಗಳಿಸುವವನಿಗೆ ಉಂಟು! 2021ರಲ್ಲಿ ಹೆಚ್ಚಿಸಿದ್ದ ಸಹಾಯಧನದ ಅವಧಿಯೂ 2025ರ ಕೊನೆಗೆ ಮುಗಿದುಹೋಯಿತು. ಅದನ್ನು ಮುಂದುವರಿಸಬೇಕೇ ಬೇಡವೇ ಎಂಬ ಜಗಳದಲ್ಲೇ ಆ ವರ್ಷ ಅಲ್ಲಿನ ಸರ್ಕಾರಿ ಕಚೇರಿಗಳು 43 ದಿನ ಸ್ಥಗಿತಗೊಂಡಿದ್ದವು. ಸಹಾಯಧನ ಪಡೆಯುತ್ತಿದ್ದವರು ಕಟ್ಟುವ ಪ್ರೀಮಿಯಂ ಸರಾಸರಿ ಎರಡು ಪಟ್ಟಿಗೂ ಹೆಚ್ಚಾಗಲಿದೆ ಎಂದು ಕೆಎಫ್‌ಎಫ್ ಮೊದಲೇ ಅಂದಾಜಿಸಿತ್ತು.

ಇಷ್ಟೆಲ್ಲ ಬರೆಯುವಾಗ ನನಗೊಂದು ಮುಜುಗರವಿದೆ, ಮುಚ್ಚಿಡುವುದಿಲ್ಲ. ಆ ವ್ಯವಸ್ಥೆ ಸರಳವಾಗಿದ್ದರೆ ನನಗೆ ಈ ಕೆಲಸ ಸಿಗುತ್ತಿರಲಿಲ್ಲ. ಅಲ್ಲಿನ ಒಂದೊಂದು ತಿರಸ್ಕಾರವೂ ಇಲ್ಲಿ ನಮಗೆ ಒಂದೊಂದು ಟಾರ್ಗೆಟ್. ನನ್ನ ಪಿಜಿ ಬಾಡಿಗೆ, ತಮ್ಮನ ಕಾಲೇಜು ಫೀಸು ಅದರಿಂದಲೇ ಹೋಗುತ್ತದೆ. 2023ರಲ್ಲಿ ಅಮೆರಿಕ ಆರೋಗ್ಯಕ್ಕೆ ಖರ್ಚು ಮಾಡಿದ್ದು 4.9 ಲಕ್ಷ ಕೋಟಿ ಡಾಲರ್, ದೇಶದ ಒಟ್ಟು ಉತ್ಪನ್ನದ ಶೇ 17.6. ಅದರಲ್ಲಿ ಔಷಧಿ, ಡಾಕ್ಟರ್, ನರ್ಸ್ ಅಷ್ಟೇ ಅಲ್ಲ, ಫೋನಿನ ಎರಡೂ ತುದಿಯಲ್ಲಿ ಕೂತ ನಮ್ಮಂಥವರ ಕೂಲಿಯೂ ಸೇರಿದೆ. ರೋಗಿಯನ್ನು ಒಮ್ಮೆಯೂ ಮುಟ್ಟದ ಕೈಗಳಿಗೆ ಹೋಗುವ ಹಣ ಅದು. ಕೆಲಸ ಹುಡುಕುತ್ತಿರುವವರಿಗೆ ಈ ಕೆಲಸ ಬೇಡ ಎಂದು ನಾನು ಹೇಳಲಾರೆ. ಸಂಬಳ ತಾರೀಖಿಗೆ ಸರಿಯಾಗಿ ಬರುತ್ತದೆ.

ನಮ್ಮಲ್ಲಿ ಎಲ್ಲ ಚೆನ್ನಾಗಿದೆ ಎಂಬ ಭ್ರಮೆಯೂ ನನಗಿಲ್ಲ. ಜಿಲ್ಲಾಸ್ಪತ್ರೆಯ ಸಾಲಿನಲ್ಲಿ ಅಜ್ಜಿಯನ್ನು ಕೂರಿಸಿಕೊಂಡು ಕಾದಿದ್ದೇನೆ. ಖಾಸಗಿ ಆಸ್ಪತ್ರೆಯ ಬಿಲ್ಲಿಗೆ ಒಡವೆ ಅಡ ಇಟ್ಟವರು ನಮ್ಮ ನೆಂಟರಲ್ಲೇ ಇದ್ದಾರೆ. ಬೆಂಗಳೂರಿನ ಕಂಪನಿಗಳ ಗ್ರೂಪ್ ಇನ್ಶೂರೆನ್ಸ್ ಕೂಡ ಕೆಲಸ ಬಿಟ್ಟ ದಿನವೇ ಬಿಟ್ಟುಹೋಗುವಂಥದ್ದು. ಆದರೂ ನಮ್ಮೂರಿನ ಕ್ಲಿನಿಕ್ಕಿನಲ್ಲಿ ‘ಎಷ್ಟಾಗುತ್ತೆ ಸಾರ್?’ ಎಂದು ಕೇಳಿದರೆ ಕಾಂಪೌಂಡರ್ ಒಂದು ಅಂಕಿ ಹೇಳುತ್ತಾನೆ. ಅಮೆರಿಕದಲ್ಲಿ ಆ ಪ್ರಶ್ನೆಗೆ ಡಾಕ್ಟರ್ ಬಳಿಯೂ ಉತ್ತರವಿರುವುದಿಲ್ಲ; ಕ್ಲೇಮ್ ಹೋಗಿ, ತಿರುಗಿ, ನಮ್ಮ ಕೈ ದಾಟಿ, ತಿಂಗಳುಗಳ ನಂತರ ಗೊತ್ತಾಗುತ್ತದೆ.

ಈ ವರ್ಷ ನನ್ನ ಚಿಕ್ಕಮ್ಮನ ಮಗಳು ಎಂ.ಎಸ್. ಮಾಡಲು ಅಲ್ಲಿಗೆ ಹೊರಟಿದ್ದಾಳೆ. ‘ಅಕ್ಕಾ, ಯೂನಿವರ್ಸಿಟಿ ಇನ್ಶೂರೆನ್ಸ್ ತುಂಬಾ ಜಾಸ್ತಿ. ಹೊರಗಡೆ ಅರ್ಧ ರೇಟಿಗೆ ಸಿಗುತ್ತಂತೆ, ವೇವರ್ ಹಾಕಿದ್ರೆ ಸಾಕಂತೆ’ ಎಂದು ಮೊನ್ನೆ ಫೋನ್ ಮಾಡಿದ್ದಳು. ಸಾಲ ಮಾಡಿ ಹೋಗುವವರಿಗೆ ಪ್ರತಿ ಡಾಲರೂ ದೊಡ್ಡದೇ. ಆದರೆ ಅವಳಿಗೆ ಚಿಕ್ಕಂದಿನಿಂದ ಅಸ್ತಮಾ ಇದೆ. ವಿಶ್ವವಿದ್ಯಾಲಯಗಳ ವಿದ್ಯಾರ್ಥಿ ವಿಮೆ ಸಾಮಾನ್ಯವಾಗಿ 2010ರ ಕಾನೂನಿಗೆ ಒಳಪಡುತ್ತದೆ, ಹಳೆಯ ಕಾಯಿಲೆ ಎಂದು ಕೈಬಿಡುವಂತಿಲ್ಲ. ಪ್ರವಾಸಿಗಳಿಗೆಂದು ಮಾರುವ ಅಗ್ಗದ ಪಾಲಿಸಿಗಳಿಗೆ ಆ ಕಟ್ಟುಪಾಡಿಲ್ಲ. ಮೊದಲೇ ಇದ್ದ ಕಾಯಿಲೆಗೆ ಏನು ಬರೆದಿದ್ದಾರೆ, ಡಿಡಕ್ಟಬಲ್ ವರ್ಷಕ್ಕೊಮ್ಮೆಯೋ ಪ್ರತಿ ಕಾಯಿಲೆಗೊಮ್ಮೆಯೋ, ಕ್ಯಾಂಪಸ್ ಹತ್ತಿರದ ಯಾವ ಆಸ್ಪತ್ರೆ ನೆಟ್‌ವರ್ಕ್‌ನಲ್ಲಿದೆ, ಒಟ್ಟು ಎಷ್ಟು ಡಾಲರಿನವರೆಗೆ ಕೊಡುತ್ತಾರೆ, ಇಷ್ಟನ್ನು ನೋಡದೆ ವೇವರ್ ಹಾಕಬೇಡ ಎಂದೆ. ಆಂಬ್ಯುಲೆನ್ಸ್ ವಿಷಯವನ್ನೂ ಹೇಳಿದೆ. ನೆಟ್‌ವರ್ಕ್ ಹೊರಗಿನ ಅನಿರೀಕ್ಷಿತ ಬಿಲ್ಲುಗಳನ್ನು ತಡೆಯಲು 2022ರಿಂದ ಅಲ್ಲೊಂದು ಕಾನೂನು ಇದೆ, ಆದರೆ ರಸ್ತೆಯ ಆಂಬ್ಯುಲೆನ್ಸನ್ನು ಅದರಿಂದ ಹೊರಗಿಟ್ಟಿದ್ದಾರೆ. ಹಾಗೆಂದು ಉಸಿರು ಕಟ್ಟಿದಾಗ ಬಿಲ್ಲಿಗೆ ಹೆದರಿ ಸುಮ್ಮನೆ ಕೂರುವಂತಿಲ್ಲ. ಹಣವಿರಲಿ ಇಲ್ಲದಿರಲಿ, ತುರ್ತು ವಿಭಾಗದವರು ಪರೀಕ್ಷಿಸಿ ಅಪಾಯದಿಂದ ಪಾರುಮಾಡಲೇಬೇಕು ಎಂದು 1986ರ ಕಾನೂನು ಹೇಳುತ್ತದೆ.

ವೇವರ್ ಹಾಕಲು ಇನ್ನೂ ಸಮಯವಿದೆ. ಎರಡೂ ಪಾಲಿಸಿಗಳ ಪಿಡಿಎಫ್ ಕಳಿಸಿದ್ದಾಳೆ. ಅಗ್ಗದ್ದರಲ್ಲಿ ‘ಯಾವುದಕ್ಕೆ ಸಿಗುವುದಿಲ್ಲ’ ಎಂಬ ಪಟ್ಟಿಯೇ ಒಂಬತ್ತು ಪುಟ ಇದೆ. ಭಾನುವಾರ ರಜೆ, ಅವತ್ತು ಇಬ್ಬರೂ ಫೋನಿನಲ್ಲಿ ಕೂತು ಸಾಲು ಸಾಲಾಗಿ ಓದಬೇಕು.