‘ಹಳೇದ ಛಲೋ ಇತ್ತು’ ಅಂದರೆ ಸಾಲದು

ಹೋದ ತಿಂಗಳು ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಬರುತ್ತಿದ್ದೆ. ಪಕ್ಕದಲ್ಲಿ ಅಕ್ಕನ ಮಗ. ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾನೆ. ಓದು ಬೇಸರವಾದಾಗ ಮೊಬೈಲಿನಲ್ಲಿ ಹಳೆಯ ವಿಡಿಯೋ ಗೇಮುಗಳನ್ನು ಆಡುತ್ತಾನೆ. ನವನಗರ ದಾಟುವ ಹೊತ್ತಿಗೆ ಅವನು ಮೊಬೈಲನ್ನು ಬಾಯಿಯ ಹತ್ತಿರ ತಂದು ಫೂ ಫೂ ಎಂದು ಊದತೊಡಗಿದ. ಎದುರಿನ ಸೀಟಿನ ಅಜ್ಜಿ ತಿರುಗಿ ನೋಡಿ, “ಯಾಕೋ ತಮ್ಮಾ, ಫೋನ್ ಸುಡಾಕತ್ತೈತೇನು?” ಎಂದು ಕೇಳಿದರು.

“ಇಲ್ಲ ಬೇ ಅಮ್ಮಾ, ಗಾಡಿ ಚಾಲೂ ಮಾಡಾಕತ್ತೀನಿ.”

ಸುತ್ತಲಿದ್ದವರೆಲ್ಲ ನಕ್ಕರು. ಇವನು ನಾಚಿ ಮೊಬೈಲು ಜೇಬಿಗಿಟ್ಟ. ಸ್ವಲ್ಪ ಹೊತ್ತಾದ ಮೇಲೆ ನನ್ನ ಕಡೆ ವಾಲಿ ಹೇಳಿದ: “ಮಾಮಾ, ಇದರ ಹಳೇದ ಛಲೋ ಇತ್ತರಿ. ಇದನ್ನ ಹೊಸಾದು ಮಾಡಾಕ ಹೋಗಿ ಕೆಡಿಸ್ಯಾರ.”

ಈ ಮಾತನ್ನು ಮರುದಿನ ಸಾಹಿತ್ಯ ಪಾಠ ಮಾಡುವ ಗೆಳೆಯರೊಬ್ಬರಿಗೆ ಹೇಳಿದೆ. ಅವರು ಚಹಾ ಕಪ್ಪು ಕೆಳಗಿಟ್ಟು, “ಹುಡುಗರು ಗಾಡಿ ಓಡಸೋ ಆಟಕ್ಕ ಎಂಥಾ ವಿಮರ್ಶೆರಿ? ಹಳೇದು ಯಾವಾಗಲೂ ಛಲೋನ ಕಾಣತೈತಿ. ಅದಕ್ಕ ಬಾಲ್ಯದ ಹಂಬಲ ಅಂತಾರ” ಎಂದರು. ಈ ಲೇಖನ ಆ ಮಾತಿಗೆ ನನ್ನ ತಕರಾರು. ಅಕ್ಕನ ಮಗನ ಮೇಲೂ ಒಂದು ತಕರಾರಿದೆ, ಅದು ಆಮೇಲೆ.

ಮೊದಲು ಆಟದ ವಿಷಯ. ಇಂಗ್ಲೆಂಡಿನ ರೇರ್ ಎಂಬ ಕಂಪನಿ 1997ರಲ್ಲಿ ನಿಂಟೆಂಡೊ 64 ಎಂಬ ಯಂತ್ರಕ್ಕಾಗಿ ‘ಡಿಡ್ಡಿ ಕಾಂಗ್ ರೇಸಿಂಗ್’ ಎಂಬ ಆಟ ಮಾಡಿತು. ಮಂಗ, ಹುಲಿ, ಕರಡಿ, ಇಲಿ, ಆಮೆಗಳು ಪುಟ್ಟ ಕಾರು, ವಿಮಾನ, ನೀರು-ನೆಲ ಎರಡರ ಮೇಲೂ ತೇಲುವ ಹೋವರ್‌ಕ್ರಾಫ್ಟ್ ಹತ್ತಿ ಪಂಥ ಕಟ್ಟುವ ಆಟ. ಹತ್ತು ವರ್ಷದ ಮೇಲೆ, 2007ರಲ್ಲಿ, ಅದೇ ಕಂಪನಿ ಅದೇ ಆಟವನ್ನು ನಿಂಟೆಂಡೊ ಡಿಎಸ್ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರಕ್ಕೆ ಮರಳಿ ಮಾಡಿತು. ಡಿಎಸ್‌ಗೆ ಎರಡು ಪರದೆ. ಕೆಳಗಿನದು ಮುಟ್ಟಿದರೆ ಕೆಲಸ ಮಾಡುತ್ತದೆ. ಮೈಕ್ ಕೂಡ ಇದೆ. ಬಸ್ಸಿನಲ್ಲಿ ಅಕ್ಕನ ಮಗ ಊದುತ್ತಿದ್ದದ್ದು ಆ ಮೈಕಿಗಾಗಿ ಮಾಡಿದ ಆಟಕ್ಕೆ.

ಈಗ ಗೆಳೆಯರ ಆರೋಪಕ್ಕೆ ಬರೋಣ. ಬಾಲ್ಯದ ಹಂಬಲ ಅನ್ನುತ್ತಾರೆ. ಯಾರ ಬಾಲ್ಯ? ಮೂಲ ಆಟ ಬಂದಾಗ ಈ ಹುಡುಗ ಹುಟ್ಟಿಯೇ ಇರಲಿಲ್ಲ. ನಿಂಟೆಂಡೊ 64 ಎಂಬುದನ್ನು ಸುಭಾಸ ರಸ್ತೆಯ ಯಾವ ಅಂಗಡಿಯಲ್ಲೂ ನಾನು ಕಂಡವನಲ್ಲ. ನಮ್ಮ ಮನೆಗಳಿಗೆ ಬಂದದ್ದು ಟಿವಿಗೆ ಸಿಕ್ಕಿಸುವ ಅಗ್ಗದ ವಿಡಿಯೋ ಗೇಮು, ಅದರ ಹಳದಿ ಕ್ಯಾಸೆಟ್ಟು. ಈ ಹುಡುಗ ಎರಡೂ ಆಟಗಳನ್ನು ಒಂದೇ ವರ್ಷ, ಒಂದೇ ಮೊಬೈಲಿನಲ್ಲಿ, ಒಂದೇ ಹೆಬ್ಬೆರಳಿನಿಂದ ಆಡಿದ್ದಾನೆ. ಅವನಿಗೆ ಎರಡೂ ಹೊಸವೇ. ಇವನ ತೀರ್ಪಿಗೆ ಹಂಬಲದ ಕಲೆ ಹತ್ತುವುದು ಹೇಗೆ? ಎರಡು ಪಾಠಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದುವ ಸಂಪಾದಕ ಮಾಡುವ ಕೆಲಸವನ್ನೇ ಇವನು ಮಾಡಿದ್ದಾನೆ. ಹಸ್ತಪ್ರತಿಯ ಪಾಠಾಂತರ ಹಿಡಿದು ವರ್ಷಗಟ್ಟಲೆ ಕೂತವರ ಊರಿನಲ್ಲಿ ಇದನ್ನು ಗುರುತಿಸದಿದ್ದರೆ ಹೇಗೆ?

ಅವನು ಏನನ್ನು ಗುರುತಿಸಿದ ಎಂದು ಮನೆಗೆ ಬಂದ ಮೇಲೆ ಬಿಡಿಸಿ ಬಿಡಿಸಿ ಕೇಳಿದೆ. ಮೂರು ಸಂಗತಿ ಸಿಕ್ಕವು.

ಒಂದನೆಯದು ಓಟದ ಆರಂಭ. ಮೂಲದಲ್ಲಿ ‘ಸಿದ್ಧರಾಗಿ’ ಎಂಬ ಅರ್ಥದ ಅಕ್ಷರಗಳು ಪರದೆಯ ಮೇಲೆ ಮೂಡಿ ಮಾಯವಾಗುತ್ತವೆ. ಅವು ಮಾಯವಾಗುವ ಗಳಿಗೆಗೆ ಸರಿಯಾಗಿ ಗುಂಡಿ ಒತ್ತಿದರೆ ಗಾಡಿ ಚಿಮ್ಮುತ್ತದೆ. ಮೊದಲೇ ಒತ್ತಿದರೆ ಇಲ್ಲ, ತಡವಾದರೂ ಇಲ್ಲ. ಹೊಸದರಲ್ಲಿ ಕಾರಾದರೆ ಪರದೆಯ ಮೇಲಿನ ಗಾಲಿಯನ್ನು ಕಡ್ಡಿಯಿಂದ ತಿರುಗಿಸಬೇಕು, ವಿಮಾನವಾದರೆ ಪಂಖವನ್ನು. ಹೋವರ್‌ಕ್ರಾಫ್ಟಾದರೆ ಮೈಕಿಗೆ ಊದಬೇಕು. ಎರಡರಲ್ಲೂ ಫಲ ಒಂದೇ, ಗಾಡಿ ಮುಂದೆ ಹೋಗುತ್ತದೆ. ಆದರೆ ಹಳೆಯದು ಕೇಳುವುದು ಲಯವನ್ನು, ಹೊಸದು ಕೇಳುವುದು ಶ್ರಮವನ್ನು. ಧಾರವಾಡದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಮ್‌ಗೆ ಸರಿಯಾಗಿ ಬಂದು ಕೂಡಿದ ಗಾಯಕನಿಗೆ ನಾವು ತಲೆದೂಗುತ್ತೇವೆ. ಜೋರಾಗಿ ಹಾಡಿದ ಎಂದು ಯಾರಿಗೂ ತಲೆದೂಗುವುದಿಲ್ಲ.

ಇದರಲ್ಲಿ ಇನ್ನೊಂದು ತಮಾಷೆಯಿದೆ. ಮನೆಯ ಟಿವಿ ಮುಂದೆ ಆಡುತ್ತಿದ್ದ ಆಟವನ್ನು ಕೈಯಂತ್ರಕ್ಕೆ ತಂದದ್ದೇ ಹೊರಗೆ ಒಯ್ಯಲಿ, ದಾರಿಯಲ್ಲಿ ಆಡಲಿ ಎಂದು. ಹಾಗೆ ತಂದವರೇ ಅದರಲ್ಲಿ ಬಸ್ಸಿನಲ್ಲಿ ಮಾಡಲಾಗದ ಕೆಲಸವನ್ನು ಸೇರಿಸಿದರು. ಆ ಅಜ್ಜಿಯ ಪ್ರಶ್ನೆಯಷ್ಟು ಖಚಿತವಾದ ವಿಮರ್ಶೆಯನ್ನು ಈ ಆಟದ ಬಗ್ಗೆ ನಾನು ಬೇರೆಲ್ಲೂ ಓದಿಲ್ಲ.

ಎರಡನೆಯದು ಬಲೂನು. ಮೂಲದಲ್ಲಿ ಒಂದು ದಾರಿಯನ್ನು ಗೆದ್ದ ಮೇಲೆ ಅದೇ ದಾರಿಗೆ ಮತ್ತೆ ಕಳಿಸುತ್ತಾರೆ. ಅಲ್ಲಲ್ಲಿ ಚೆಲ್ಲಿದ ಎಂಟು ಬೆಳ್ಳಿ ನಾಣ್ಯ ಆರಿಸಿಕೊಂಡು, ಆದರೂ ಮೊದಲನೆಯವನಾಗಿ ಬರಬೇಕು. ಗೊತ್ತಿದ್ದ ದಾರಿಯೇ ಆಗ ಬೇರೆಯಾಗಿ ಕಾಣುತ್ತದೆ. ಬಿಟ್ಟು ಹೋದ ತಿರುವು ಬೇಕಾಗುತ್ತದೆ, ಹಿಡಿದ ತಿರುವು ಬೇಡವಾಗುತ್ತದೆ. ಒಂದು ಪದ್ಯವನ್ನು ಎರಡನೆಯ ಸಲ ಓದಿಸುವ ಉಪಾಯ ಇದು. 2007ರ ಆಟಕ್ಕೆ ಸೇರಿಸಿದ ಬಲೂನಿನ ಪಂಥದಲ್ಲಿ ನೀವು ಜಮಖಾನೆ ಹತ್ತಿ ಹೋಗುತ್ತೀರಿ. ಅದು ತಾನೇ ಹೋಗುತ್ತದೆ. ನಿಮ್ಮ ಕೆಲಸ ಎದುರಾದ ಬಲೂನುಗಳನ್ನು ಮುಟ್ಟಿ ಒಡೆಯುವುದು. ಗಾಡಿ ಓಡಿಸುವ ಆಟದಲ್ಲಿ ಗಾಡಿಯನ್ನು ನಿಮ್ಮ ಕೈಯಿಂದ ಕಸಿದುಕೊಂಡರೆ ಅದಕ್ಕೆ ಏನನ್ನಬೇಕು? “ಮಾಮಾ, ಅಲ್ಲೆ ನಾ ಬರೇ ಪ್ರಯಾಣಿಕ ಅದೀನಿ” ಎಂದ ಹುಡುಗ. ಎಷ್ಟೋ ಪುಸ್ತಕಗಳ ಬಗ್ಗೆ ನನಗೆ ಹೇಳಬೇಕೆನಿಸಿ ಹೇಳಲಾಗದ ಮಾತು ಅದು.

ಮೂರನೆಯದು ಕಾಣೆಯಾದವರು. ಮೂಲದಲ್ಲಿದ್ದ ಬ್ಯಾಂಜೊ ಎಂಬ ಕರಡಿ, ಕಾಂಕರ್ ಎಂಬ ಅಳಿಲು ಹೊಸದರಲ್ಲಿಲ್ಲ. ಅವರ ಜಾಗದಲ್ಲಿ ಡಿಕ್ಸಿ ಕಾಂಗ್, ಟೈನಿ ಕಾಂಗ್ ಎಂಬ ಇಬ್ಬರು ಕೋತಿ ಹುಡುಗಿಯರು ಬಂದಿದ್ದಾರೆ. ಕಾರಣ ಆಟದೊಳಗಿಲ್ಲ, ಲೆಕ್ಕದ ಪುಸ್ತಕದಲ್ಲಿದೆ. 2002ರಲ್ಲಿ ಮೈಕ್ರೋಸಾಫ್ಟ್ 37.5 ಕೋಟಿ ಡಾಲರಿಗೆ ರೇರ್ ಕಂಪನಿಯನ್ನು ಕೊಂಡಿತು. ಕರಡಿ, ಅಳಿಲು ಎರಡೂ ಅದರ ಆಸ್ತಿಯಾದವು. ಕಾಂಗ್ ಮನೆತನ ನಿಂಟೆಂಡೊ ಬಳಿಯೇ ಉಳಿಯಿತು. ಕರಡಿ ಮತ್ತು ಅಳಿಲು ಜನರ ಕೈಗೆ ಮೊದಲು ಸಿಕ್ಕಿದ್ದೇ 1997ರ ಈ ಆಟದಲ್ಲಿ. ತಾವು ಹುಟ್ಟಿದ ಮನೆಯನ್ನು ಹೊಸದಾಗಿ ಕಟ್ಟಿದಾಗ ಅವರಿಗೇ ಒಳಗೆ ಜಾಗವಿಲ್ಲ. ಅದೂ ಅವರನ್ನು ಹೆತ್ತ ಕಂಪನಿಯೇ ಆ ಮನೆಯನ್ನು ಕಟ್ಟುತ್ತಿರುವಾಗ.

ಬೇರೆ ಚಿತ್ರ ಅಂಟಿಸಿದರೆ ಮುಗಿಯಿತಲ್ಲ ಎನ್ನುವವರಿದ್ದಾರೆ. ಇಂಥ ಆಟದಲ್ಲಿ ಒಬ್ಬ ಪಾತ್ರ ಎಂದರೆ ಒಂದು ಮುಖವಷ್ಟೇ ಅಲ್ಲ. ಒಬ್ಬೊಬ್ಬನ ತೂಕ ಬೇರೆ, ವೇಗ ಏರುವ ರೀತಿ ಬೇರೆ, ತಿರುವಿನಲ್ಲಿ ಜಾರುವ ರೀತಿ ಬೇರೆ. ಪಾತ್ರ ಅಂದರೆ ಒಂದು ಕೈವಾಡಿಕೆ. ಆಟಗಾರ ‘ನನ್ನ ಕರಡಿ ಎಲ್ಲಿ?’ ಎಂದು ಕೇಳಿದಾಗ ತನ್ನ ಕೈಗೆ ಕೂತಿದ್ದ ಓಡಾಟ ಎಲ್ಲಿ ಹೋಯಿತು ಎಂದೂ ಕೇಳುತ್ತಿರುತ್ತಾನೆ.

ಹೊಸದರಲ್ಲಿ ಒಳ್ಳೆಯದೇನೂ ಇಲ್ಲವೆಂದು ನಾನು ಹೇಳುತ್ತಿಲ್ಲ, ಹುಡುಗನೂ ಹೇಳಲಿಲ್ಲ. ಮೂಲದಲ್ಲಿ ನಾಲ್ವರು ಕೂಡಿ ಆಡಬಹುದಿತ್ತು, ಹೊಸದರಲ್ಲಿ ತಂತಿಯಿಲ್ಲದೆ ಎಂಟು ಜನ ಆಡಬಹುದು. ಪರದೆಯ ಮೇಲೆ ಗೆರೆ ಎಳೆದು ನಿಮ್ಮದೇ ದಾರಿ ಮಾಡಿಕೊಂಡು ಓಡಿಸಬಹುದು. ಇಂಟರ್ನೆಟ್ಟಿನಲ್ಲಿ ದೂರದವರ ಜೊತೆಗೂ ಆಡಬಹುದಿತ್ತು. 2014ರ ಮೇ 20ರಂದು ನಿಂಟೆಂಡೊ ಆ ಸೇವೆಯನ್ನೇ ನಿಲ್ಲಿಸಿತು. ಹೊಸದರ ಒಂದು ಹೆಚ್ಚುಗಾರಿಕೆ ಏಳೇ ವರ್ಷಕ್ಕೆ ಹೋಯಿತು. ಹಳೆಯದರ ಗುಂಡಿ ಒತ್ತುವ ಗಳಿಗೆ ಮಾತ್ರ 1997ರಲ್ಲಿ ಎಲ್ಲಿತ್ತೋ ಅಲ್ಲೇ ಇದೆ.

ಈಗ ಗೆಳೆಯರಿಗೆ ನನ್ನ ನೇರ ಪ್ರಶ್ನೆ. ಧಾರವಾಡ ಜಿಲ್ಲೆಯ ಅಣ್ಣಿಗೇರಿಯನ್ನು ಪಂಪನ ಊರೆಂದು ನಾವು ಅಭಿಮಾನದಿಂದ ಹೇಳುತ್ತೇವೆ. ಅವನು 941ರಲ್ಲಿ ‘ವಿಕ್ರಮಾರ್ಜುನ ವಿಜಯ’ ಬರೆದಾಗ ದ್ರೌಪದಿಯನ್ನು ಐವರ ಹೆಂಡತಿಯಾಗಿ ಉಳಿಸದೆ ಅರ್ಜುನನೊಬ್ಬನ ಹೆಂಡತಿ ಮಾಡಿದ. ಆಶ್ರಯ ಕೊಟ್ಟ ಅರಿಕೇಸರಿಯನ್ನು ಅರ್ಜುನನಿಗೆ ಸಮೀಕರಿಸಬೇಕಾಗಿತ್ತು, ಅದಕ್ಕಾಗಿ. ಕೊನೆಯಲ್ಲಿ ಪಟ್ಟಕ್ಕೆ ಅರ್ಜುನನ ಜೊತೆ ಕೂಡುವವಳು ಸುಭದ್ರೆ. ಮುಡಿ ಹಿಡಿಸಿಕೊಂಡವಳು ಒಬ್ಬಳು, ಪಟ್ಟಕ್ಕೆ ಕೂತವಳು ಇನ್ನೊಬ್ಬಳು. ಈ ಬದಲಾವಣೆಯಿಂದ ಕಾವ್ಯದಲ್ಲಿ ಎಲ್ಲೆಲ್ಲಿ ಬಿರುಕು ಬಿಟ್ಟಿತು, ಎಲ್ಲೆಲ್ಲಿ ಹೊಸ ಬಲ ಬಂತು ಎಂದು ನಾವು ತರಗತಿಗಳಲ್ಲಿ ಇಂದಿಗೂ ವಾದಿಸುತ್ತೇವೆ. ಏನು ಬದಲಾಯಿತು, ಯಾರಿಗಾಗಿ ಬದಲಾಯಿತು, ಬದಲಾಗಿದ್ದರಿಂದ ಉಳಿದದ್ದಕ್ಕೆ ಏನಾಯಿತು? ಈ ಮೂರು ಪ್ರಶ್ನೆಗಳು ನಮಗೆ ಕೈತುತ್ತಿನಷ್ಟು ಪರಿಚಿತ. ಪರೀಕ್ಷೆಗೆ ಓದುವ ಹುಡುಗ ಅವೇ ಮೂರು ಪ್ರಶ್ನೆಗಳನ್ನು ಕರಡಿ, ಅಳಿಲಿನ ಬಗ್ಗೆ ಕೇಳಿದಾಗ ಮಾತ್ರ ಅದು ‘ಹುಡುಗರ ಗಾಡಿ ಆಟ’ವಾಗುತ್ತದೆಯೆ? ಪಂಪನ ತೂಕಕ್ಕೆ ಈ ಆಟ ಬರುತ್ತದೆಂದು ನಾನು ಹೇಳುತ್ತಿಲ್ಲ. ಪ್ರಶ್ನೆ ಕೇಳುವ ರೀತಿಯ ತೂಕ ಒಂದೇ ಎನ್ನುತ್ತಿದ್ದೇನೆ.

ಸಿನಿಮಾದ ದೆಸೆಯಿಂದ ಕನ್ನಡದಲ್ಲಿ ‘ರೀಮೇಕ್’ ಎಂಬುದು ಬೈಗುಳವಾಗಿಬಿಟ್ಟಿದೆ. ಬೈಗುಳವಾದ ಕೂಡಲೇ ವಿಚಾರ ನಿಂತುಹೋಗುತ್ತದೆ. ‘ರೀಮೇಕ್ ಬಿಡ್ರಿ’ ಎಂದರೆ ಮುಂದೆ ಮಾತೇ ಇಲ್ಲ. ಅಕ್ಕನ ಮಗನ ಮೇಲೆ ನನ್ನ ತಕರಾರು ಇರುವುದು ಇಲ್ಲೇ. ‘ಹಳೇದ ಛಲೋ ಇತ್ತು’ ಎಂದು ಅವನು ಮೊದಲು ಹೇಳಿದಾಗ ಆ ಮಾತಿನಲ್ಲಿ ಏನೂ ಇರಲಿಲ್ಲ. ಅವನ ಜೊತೆಯ ಹುಡುಗರು ಇನ್ನೂ ಮುಂದೆ ಹೋಗಿ ‘ಹತ್ತಕ್ಕ ಆರು’ ಎಂದು ಅಂಕ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಪರೀಕ್ಷೆಯಲ್ಲಿ ಅಂಕಗಳಿಂದ ಬಸವಳಿದವರು ಆಟಕ್ಕೂ ಅಂಕ ಕೊಡುವುದನ್ನು ಕಂಡು ನನಗೆ ಸಂಕಟವಾಗುತ್ತದೆ. ಆರು ಅಂಕ ಎಂಬುದು ಮಾರುವವನಿಗೆ ಉಪಯೋಗ. ಅದನ್ನು ಅವನು ಒಂದು ಸರಾಸರಿಯಲ್ಲಿ ಕರಗಿಸುತ್ತಾನೆ. ‘ನಾ ಬರೇ ಪ್ರಯಾಣಿಕ ಅದೀನಿ’ ಎಂಬ ಮಾತನ್ನು ಯಾವ ಸರಾಸರಿಯಲ್ಲೂ ಕರಗಿಸಲಾಗುವುದಿಲ್ಲ.

ಇನ್ನೊಂದು ಮಾತನ್ನು ಇಲ್ಲಿಯವರೇ ಹೇಳಬೇಕು. ಈ ಆಟದಲ್ಲಿ ದಾರಿ ತೋರಿಸುವವನು ಪೇಟ ಸುತ್ತಿದ, ಭಾರತದ ಧಾಟಿಯ ಇಂಗ್ಲಿಷ್ ಆಡುವ ಆನೆ. ಹೆಸರು ತಾಜ್. ಕರೆದಾಗ ಬಂದು ಸಲಾಂ ಹೊಡೆದು ಗಾಡಿ ಬದಲಾಯಿಸಿಕೊಡುವುದು ಅವನ ಕೆಲಸ. ಹೊಸದರಲ್ಲಿ ಆಟಗಾರ ಅವನನ್ನೇ ಆರಿಸಿಕೊಂಡು ಓಡಿಸಬಹುದು. ನಾನು ಓದಿದ ಹೊರಗಿನ ವಿಮರ್ಶೆಗಳು ಕರಡಿಗಾಗಿ ಅತ್ತಿವೆ, ಈ ಆನೆಯ ಬಡ್ತಿಯ ಬಗ್ಗೆ ತುಟಿ ಬಿಚ್ಚಿಲ್ಲ. ಹುಡುಗ ಮಾತ್ರ ಅವನನ್ನು ಕಂಡ ಕೂಡಲೇ “ಮಾಮಾ, ಇಂವಾ ನಮ್ಮಾಂವ ನೋಡ್ರಿ” ಎಂದು ನಕ್ಕ, ಆಮೇಲೆ “ಆದ್ರ ಆಳಿನಂಗ ಇಟ್ಟಾರ” ಎಂದು ಸುಮ್ಮನಾದ. ಹಳೆಯದೇ ಎಲ್ಲದರಲ್ಲೂ ಮೇಲು ಎನ್ನುವವರು ಇದಕ್ಕೆ ಉತ್ತರ ಕೊಡಬೇಕು. ಹಳೆಯದರಲ್ಲಿ ಆಳಾಗಿದ್ದವನು ಹೊಸದರಲ್ಲಿ ಆಟಗಾರ ಆರಿಸಿಕೊಳ್ಳಬಹುದಾದ ಓಟಗಾರನಾದ. ಧಾರವಾಡದ ಆಟಗಾರ ಬಾಯಿ ಬಿಡದಿದ್ದರೆ ಈ ಮಾತನ್ನು ಬೇರೆ ಯಾರು ಆಡುತ್ತಾರೆ?

ಕೊನೆಗೆ ಒಂದು ಕಹಿ ಸತ್ಯ. ಈ ಎರಡು ಆಟಗಳನ್ನೂ ಹುಡುಗ ದುಡ್ಡು ಕೊಟ್ಟು ತಂದಿಲ್ಲ. ತರಬೇಕೆಂದರೂ ಅವನಿಗೆ ಇಲ್ಲಿ ಅಂಗಡಿ ಇಲ್ಲ. ನಕಲು ಫೈಲು ಇಳಿಸಿಕೊಂಡಿದ್ದಾನೆ. ಅದು ಸರಿಯಲ್ಲ ಎಂದು ಅವನಿಗೂ ಗೊತ್ತು, ನನಗೂ ಗೊತ್ತು. ಹಳೆಯ ಪುಸ್ತಕ ಅಚ್ಚಿನಲ್ಲಿಲ್ಲದಿದ್ದರೆ ನಾವು ವಿದ್ಯಾವರ್ಧಕ ಸಂಘದಲ್ಲೋ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲೋ ಹುಡುಕುತ್ತೇವೆ. ಹಳೆಯ ಆಟಕ್ಕೆ ಅಂಥ ಕಪಾಟಿಲ್ಲ. ಆದ್ದರಿಂದ ಮರಳಿ ಮಾಡಿದವರು ಯಾವುದನ್ನು ಉಳಿಸುತ್ತಾರೋ ಅದೇ ಮೂಲವೆಂದು ಮುಂದಿನವರು ನಂಬುತ್ತಾರೆ. ಕರಡಿ ಇತ್ತೆಂಬುದನ್ನು, ಗಳಿಗೆ ನೋಡಿ ಗುಂಡಿ ಒತ್ತುತ್ತಿದ್ದರೆಂಬುದನ್ನು ಹೇಳಲು ಉಳಿಯುವುದು ಆಡಿದವರ ಮಾತು ಮಾತ್ರ. ಆ ಮಾತನ್ನು ಗೋಳೆಂದು ತಳ್ಳುವವರು ಇರುವ ಒಂದೇ ದಾಖಲೆಯನ್ನೂ ಹರಿದು ಹಾಕುತ್ತಿದ್ದಾರೆ.

ಆದ್ದರಿಂದ ಆಡುವ ವಿದ್ಯಾರ್ಥಿಗಳಿಗೆ ನನ್ನ ಬಿನ್ನಹ ಇಷ್ಟೇ. ಛಲೋ, ಕೆಟ್ಟದ್ದು ಎನ್ನಬೇಡಿ. ನಿಮ್ಮ ಹೆಬ್ಬೆರಳು ಮೊದಲು ಏನು ಮಾಡುತ್ತಿತ್ತು, ಈಗ ಏನು ಮಾಡುತ್ತಿದೆ ಎಂದು ಕನ್ನಡದಲ್ಲಿ ಒಂದು ಪುಟ ಬರೆಯಿರಿ. ಪಾಠ ಮಾಡುವ ಗೆಳೆಯರಿಗೂ ಒಂದು ಮಾತು: ಆ ಪುಟ ನಿಮ್ಮ ಮೇಜಿಗೆ ಬಂದಾಗ ಚಹಾ ಕಪ್ಪು ಅದರ ಮೇಲಿಡದೆ ಓದಿ. ಅಕ್ಕನ ಮಗ ಈಗಾಗಲೇ ಅರ್ಧ ಪುಟ ಬರೆದಿದ್ದಾನೆ. ಅದರ ಮೊದಲ ಸಾಲಿನಲ್ಲಿ ಆ ಬಸ್ಸಿನ ಅಜ್ಜಿ ಇದ್ದಾರೆ.